ಪ್ರೊಫೆಸರ್ ಬಿವಿನ್ಸರ ಒಂದು ನಿಮಿಷ

ನಮ್ಮ ಕ್ಲೇಬ್ಯಾಂಕಿನಲ್ಲಿ ಪಾಸ್ಟರ್ ಉಪದೇಶವನ್ನು ಉದ್ದಕ್ಕೆ ಎಳೆದರೆ, ಹಿಂದಿನ ಬೆಂಚಿನ ಗಂಡಸರು ಒಬ್ಬರ ಪಕ್ಕೆಗೆ ಒಬ್ಬರು ತಿವಿದು, "ಇವತ್ತೂ ಬಿವಿನ್ಸ್ ಮಾಡಿಬಿಟ್ರಪ್ಪ!" ಎನ್ನುತ್ತಾರೆ. ಮದುವೆಯ ಊಟದ ಹೊತ್ತಿಗೆ ಹುಡುಗಿಯ ಚಿಕ್ಕಪ್ಪ ಮೈಕು ಬಿಡದಿದ್ದರೂ ಅದೇ ಮಾತು. ಫೋನಿಗೆ ಜೋತುಬಿದ್ದ ಹೆಂಡತಿಗೆ ಗಂಡ ಹೇಳುವುದೂ ಅದೇ, "ಸಾಕು ಮಾರಾಯ್ತಿ, ಬಿವಿನ್ಸ್ ಮಾಡಬೇಡ." ಈಗಿನ ಮಕ್ಕಳಿಗೆ ಬಿವಿನ್ಸ್ ಅನ್ನುವುದು ಒಬ್ಬ ಮನುಷ್ಯನ ಹೆಸರು ಅನ್ನುವುದೇ ಗೊತ್ತಿಲ್ಲ. ಹೆಚ್ಚು ಹೊತ್ತು ತೆಗೆದುಕೊಂಡು ಕೆಲಸ ಕೆಡಿಸುವುದಕ್ಕೆ ಇರುವ ಒಂದು ಪದ ಅಂದುಕೊಂಡಿದ್ದಾರೆ.

ಈ ಮಾತು ಕೇಳಿದಾಗಲೆಲ್ಲ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುತ್ತಿದ್ದವನು ಲೆಮ್ಯುಯೆಲ್ ಪೆಟ್‌ವೇ ಒಬ್ಬನೇ. ಅದನ್ನು ನಾವು ಗಮನಿಸಬೇಕಾಗಿತ್ತು. ಗಮನಿಸಲಿಲ್ಲ. ನಮ್ಮ ಕಣ್ಣಿಗೆ ಏನಾಗಿತ್ತೋ!

ಲೆಮ್ ನಮ್ಮ ಕೌಂಟಿಯ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಬ್ಯಾಂಡ್ ಮೇಷ್ಟರಾಗಿದ್ದವನು. ತೆಳ್ಳಗೆ, ಉದ್ದಕ್ಕೆ, ಇಸ್ತ್ರಿ ಮುರಿಯದ ಪ್ಯಾಂಟು. ಎಡಗೈಗೆ ಒಂದು ಗಡಿಯಾರ, ಜೇಬಿನಲ್ಲಿ ಇನ್ನೊಂದು. ಅಭ್ಯಾಸ ಮೂರೂವರೆಗೆ ಅಂದರೆ ಮೂರೂವರೆಗೆ ಬಾಗಿಲು ಮುಚ್ಚುತ್ತಿದ್ದ. ಮೇಯರನ ಮೊಮ್ಮಗ ಹೊರಗೆ ನಿಂತು ಬಡಿದರೂ ತೆಗೆಯುತ್ತಿರಲಿಲ್ಲ. ಶುಕ್ರವಾರದ ಫುಟ್‌ಬಾಲ್ ಆಟದ ಬಿಡುವಿನಲ್ಲಿ ಬ್ಯಾಂಡಿಗೆ ಎಂಟು ನಿಮಿಷ ಕೊಟ್ಟಿದ್ದರೆ ಇವನ ಹುಡುಗರು ಏಳಕ್ಕೇ ಮೈದಾನ ಖಾಲಿ ಮಾಡುತ್ತಿದ್ದರು. ಜನ ಕೂಗಲಿ, ಚಪ್ಪಾಳೆ ತಟ್ಟಲಿ, ಮೇಲಿಂದ ಟೋಪಿ ಎಸೆಯಲಿ, ಅವನಿಗೆ ಅದು ಕಿವಿಗೇ ಬೀಳುತ್ತಿರಲಿಲ್ಲ.

"ಇನ್ನೊಂದು ಪದ ನುಡಿಸಿದ್ರೆ ನಿಮ್ಮದೇನು ಗಂಟು ಹೋಗ್ತಿತ್ತು, ಮಿಸ್ಟರ್ ಪೆಟ್‌ವೇ?" ಎಂದು ತಾಯಂದಿರು ರೇಗುತ್ತಿದ್ದರು.

"ಹೊತ್ತು ನಮ್ಮದಲ್ಲ ತಾಯಿ, ಆಟದವರದು," ಅನ್ನುತ್ತಿದ್ದ.

ಆಹಾ, ಎಂಥ ಶಿಸ್ತಿನ ಮನುಷ್ಯ ಎಂದು ನಾವು ಕೊಂಡಾಡಿದ್ದೇ ಕೊಂಡಾಡಿದ್ದು. ನಿವೃತ್ತಿಯ ದಿನ ಹಿತ್ತಾಳೆಯ ಫಲಕ ಕೊಟ್ಟೆವು. ಅದರ ಮೇಲೆ 'ಸಮಯದ ಸೇವಕ' ಎಂದು ಕೆತ್ತಿಸಿದ್ದು ನಾನೇ. ಆ ಫಲಕವನ್ನು ಅವನು ಗೋಡೆಗೆ ಹಾಕಲೇ ಇಲ್ಲ. ಅವನ ಹೆಂಡತಿ ಎರ್ನೆಸ್ಟೀನ್ ಅದನ್ನು ಬಟ್ಟೆಗಳ ಪೆಟ್ಟಿಗೆಯ ತಳದಲ್ಲಿ ಕಂಡಾಗ, ಸಂಕೋಚದ ಸ್ವಭಾವ ಅಂದುಕೊಂಡಳಂತೆ.

ನಿಜ ಏನೆಂದು ನಮಗೆ ತಿಳಿದದ್ದು ಬಹಳ ತಡವಾಗಿ, ಅವನ ಬಾಯಿಂದಲೇ. ಅದನ್ನೇ ಈಗ ಹೇಳುತ್ತೇನೆ.

ಎಪ್ಪತ್ನಾಲ್ಕರ ಡಿಸೆಂಬರ್. ನಮ್ಮ ಕ್ಲೇಬ್ಯಾಂಕ್ ಕಾಲೇಜು ಮೊಟ್ಟಮೊದಲ ಸಲ ಜೂಬಿಲಿ ಬೌಲಿಗೆ ಹೋಗಿತ್ತು. ಋತುವೆಲ್ಲ ಆಡಿ ಮುಗಿದ ಮೇಲೆ, ನಮ್ಮ ಕರಿಯರ ಕಾಲೇಜುಗಳಲ್ಲಿ ಗೆದ್ದು ಉಳಿದ ಎರಡು ತಂಡಗಳಿಗೆ ಮಾತ್ರ ಸಿಗುವ ಆಟ ಅದು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಫುಟ್‌ಬಾಲ್. ಇಪ್ಪತ್ತೊಂಬತ್ತು ವರ್ಷ ತಂಡವನ್ನು ಸಾಕಿದ ಕೋಚ್ ಗಿಲ್ಯಾರ್ಡ್ ಅವರಿಗೆ ಅದೇ ಕೊನೆಯ ಆಟ, ಆ ಮೇಲೆ ವಿಶ್ರಾಂತಿ. ಎದುರಿಗೆ ಮರ್ಡಕ್ ಸ್ಟೇಟ್ ಕಾಲೇಜು. ಊರಿಗೆ ಊರೇ ಬಸ್ಸು ಹತ್ತಿ ಮಾಂಟ್ಗಮರಿಗೆ ಹೋಗಿತ್ತು. ಹೆಂಗಸರು ಈಸ್ಟರಿಗೆ ತೆಗೆದಿಟ್ಟ ಟೋಪಿಗಳನ್ನೇ ಹಾಕಿಕೊಂಡಿದ್ದರು. ಕ್ರೀಡಾಂಗಣದ ಹೊರಗೆ ಬೆಳಗಿನಿಂದಲೇ ಮೀನು ಕರಿಯುವ ವಾಸನೆ, ಪಕ್ಕೆಲುಬು ಸುಡುವ ಹೊಗೆ, ಹತ್ತು ವರ್ಷದ ಹಿಂದೆ ಕಾಲೇಜು ಬಿಟ್ಟವರ ಅಪ್ಪುಗೆ, ಕಿರುಚಾಟ.

ನಮ್ಮ ಜನ ಬಿಡುವಿನಲ್ಲಿ ಎದ್ದು ಹೋಗುವವರಲ್ಲ. ಆಟ ನಡೆಯುತ್ತಿರುವಾಗ ಬೇಕಾದರೆ ಮೀನು ತರಲು ಹೋಗುತ್ತಾರೆ. ಬ್ಯಾಂಡ್ ಮೈದಾನಕ್ಕೆ ಇಳಿಯಿತೆಂದರೆ ಎಲ್ಲರೂ ಜಾಗದಲ್ಲಿರುತ್ತಾರೆ. ಆಟದಲ್ಲಿ ಸೋತರೆ ಒಂದು ವಾರದ ದುಃಖ. ಬ್ಯಾಂಡ್ ಸೋತರೆ ಮುಂದಿನ ವರ್ಷದವರೆಗೂ ತಲೆ ಎತ್ತುವ ಹಾಗಿಲ್ಲ.

ಆಗ ಬ್ಯಾಂಡಿನ ಒಡೆಯ ಥಾಡಿಯಸ್ ಬಿವಿನ್ಸ್. ಪ್ರೊಫೆಸರ್ ಎಂದೇ ಎಲ್ಲರೂ ಕರೆಯುತ್ತಿದ್ದರು. ಗಿಡ್ಡನೆಯ ಮನುಷ್ಯ, ಬೂದು ಬಣ್ಣದ ಹ್ಯಾಟು, ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ನೂರಿಪ್ಪತ್ತು ಜನರ ಬ್ಯಾಂಡಿನ ಮುಂದೆ ನಡೆಯುವ ಡ್ರಮ್ ಮೇಜರ್ ನಮ್ಮ ಲೆಮ್. ಇಪ್ಪತ್ತೆರಡು ವರ್ಷ, ಕೊನೆಯ ತರಗತಿ. ಬಿಳಿ ಕೋಟು, ಒಂದೂವರೆ ಅಡಿ ಎತ್ತರದ ಗರಿಯ ಟೊಪ್ಪಿಗೆ, ಕೈಯಲ್ಲಿ ಬೆಳ್ಳಿಯ ಗುಂಡಿನ ಕೋಲು. ಬ್ಯಾಂಡಿನ ನಿಯಮ ಸರಳ. ನೂರಿಪ್ಪತ್ತು ಜನರ ಕಣ್ಣು ಡ್ರಮ್ ಮೇಜರನ ಮೇಲೆ ಮಾತ್ರ. ಡ್ರಮ್ ಮೇಜರನ ಕಣ್ಣು ಗೆರೆಯಾಚೆ ನಿಂತ ಪ್ರೊಫೆಸರ್ ಮೇಲೆ. ಅವರು ಹ್ಯಾಟು ಎತ್ತಿದರೆ ಮೈದಾನ ಬಿಡಬೇಕು. ಆ ಹ್ಯಾಟು ಅವನೊಬ್ಬನಿಗೆ ಬಿಟ್ಟರೆ ಬೇರೆ ಯಾರಿಗೂ ಕಾಣುವ ಅಗತ್ಯವಿರಲಿಲ್ಲ.

ಅರ್ಧ ಆಟಕ್ಕೆ ನಾವು ಹದಿನಾಲ್ಕು, ಮರ್ಡಕ್ ಹತ್ತು. ಬಿಡುವಿನಲ್ಲಿ ಮೊದಲು ಇಳಿದದ್ದು ಮರ್ಡಕ್‌ನ ಬ್ಯಾಂಡ್. ಸುಳ್ಳು ಹೇಳಬಾರದು, ಚೆನ್ನಾಗಿಯೇ ನುಡಿಸಿದರು. ಕೊನೆಗೆ ಅವರ ಡ್ರಮ್ ಮೇಜರ್ ನೇರವಾಗಿ ನಮ್ಮ ಜನರ ಎದುರಿಗೇ ಬಂದು, ಗರಿ ಹುಲ್ಲಿಗೆ ತಾಗುವ ಹಾಗೆ ಬೆನ್ನು ಹಿಂದಕ್ಕೆ ಬಾಗಿಸಿ, ಎದ್ದು ನಿಂತು, ಲೆಮ್‌ನ ಮುಖ ನೋಡುತ್ತಾ ತನ್ನ ಭುಜದ ಧೂಳು ಕೊಡವಿಕೊಂಡ. ನಮ್ಮ ಮಹಿಳೆಯೊಬ್ಬರು ಸಿಟ್ಟಿನಿಂದ ಮೀನಿನ ಪೊಟ್ಟಣವನ್ನೇ ಎಸೆದರು.

ಆಮೇಲೆ ನಮ್ಮವರು ಇಳಿದರು. ಮಂಡಿ ಎದೆಗೆ ತಾಗುವ ಹಾಗೆ ಎತ್ತಿ ಕುಣಿಯುತ್ತಾ ಬಂದ ಆ ನಡೆ, ಆ ಡ್ರಮ್ಮು! ಲೆಮ್ ಬಾಗಿದ್ದು ಮರ್ಡಕ್‌ನವನಿಗಿಂತ ಒಂದು ಗೇಣು ಹೆಚ್ಚೇ. ಮೂವತ್ತು ಸಾವಿರ ಜನ ಎದ್ದು ನಿಂತಿದ್ದರು. ಕೊಟ್ಟಿದ್ದ ಎಂಟು ನಿಮಿಷಕ್ಕೆ ಸರಿಯಾಗಿ ಪ್ರೊಫೆಸರ್ ಹ್ಯಾಟು ಎತ್ತಿದರು. ಲೆಮ್ ನೋಡಿದ. ನೋಡಿದ, ಅದರಲ್ಲಿ ಅನುಮಾನವಿಲ್ಲ. ಅದೇ ಹೊತ್ತಿಗೆ ಮೇಲಿನಿಂದ ಯಾರೋ ಹೆಂಗಸು, "ಬಿಟ್ಟು ಬರಬೇಡ ಮಗನೇ! ಅವರನ್ನ ಮಣ್ಣು ಮುಕ್ಕಿಸು!" ಎಂದು ಕೂಗಿದಳು. ಲೆಮ್ ಕೋಲು ಎತ್ತಿ ಬ್ಯಾಂಡನ್ನು ಹಿಂದಕ್ಕೆ ತಿರುಗಿಸಿದ. ಹಾಡುಗಳ ಪಟ್ಟಿಯಲ್ಲಿಲ್ಲದ ಇನ್ನೊಂದು ಪದ. ನೂರಿಪ್ಪತ್ತು ಜನ ಮರುಮಾತಿಲ್ಲದೆ ತಿರುಗಿದರು.

ಒಂದು ನಿಮಿಷ ಹತ್ತು ಸೆಕೆಂಡು. ತನ್ನ ಬದುಕಿನಲ್ಲಿ ಅಷ್ಟು ಸುಖದ ಹೊತ್ತು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ ಎಂದು ಲೆಮ್ ಹೇಳಿದಾಗ ನನಗೆ ಅವನ ಮುಖ ನೋಡಲಾಗಲಿಲ್ಲ.

ಬ್ಯಾಂಡ್ ಮೈದಾನ ಬಿಡುವುದರೊಳಗೆ ತೀರ್ಪುಗಾರ ತಪ್ಪಿನ ಗುರುತಿನ ಹಳದಿ ಬಟ್ಟೆ ಎಸೆದಿದ್ದ. ಬ್ಯಾಂಡ್ ಹೊತ್ತು ಮೀರಿದರೆ ದಂಡ ತಂಡಕ್ಕೆ. ಎರಡನೆಯ ಅರ್ಧವನ್ನು ಶುರುಮಾಡಲು ನಾವು ಚೆಂಡು ಒದೆಯಬೇಕಾದ ಜಾಗ ಹದಿನೈದು ಗಜ ಹಿಂದೆ ಸರಿಯಿತು. ಒದ್ದ ಚೆಂಡು ದೂರ ಹೋಗದೆ ಮೈದಾನದ ನಡುವೆಯೇ ಬಿತ್ತು. ಮರ್ಡಕ್‌ನ ಒಬ್ಬ ಅದನ್ನು ಎದೆಗವಚಿಕೊಂಡು ಓಡಿದವನು ನಮ್ಮ ಕೊನೆಯ ಗೆರೆ ದಾಟಿದ ಮೇಲೆಯೇ ನಿಂತದ್ದು; ಅವರಿಗೆ ಏಳು ಅಂಕ. ಆಮೇಲೆ ಮಳೆ, ಕೆಸರು. ಎರಡೂ ಕಡೆಯವರಿಗೆ ಮತ್ತೊಂದು ಅಂಕ ಹುಟ್ಟಲಿಲ್ಲ. ಹದಿನೇಳು, ಹದಿನಾಲ್ಕು. ಕೋಚ್ ಗಿಲ್ಯಾರ್ಡ್ ಒದ್ದೆ ಬೆಂಚಿನ ಮೇಲೆ ಕೂತವರು ಬಸ್ಸಿನವರು ಹಾರ್ನ್ ಹೊಡೆಯುವ ತನಕ ಏಳಲಿಲ್ಲ. ಮುಂದಿನ ಆಗಸ್ಟಿನಲ್ಲಿ ತೀರಿಕೊಂಡರು. ಆ ಆಟವೇ ಅವರನ್ನು ಕೊಂದಿತು ಎಂದು ಊರು ತೀರ್ಮಾನ ಮಾಡಿತು.

ಯಾರನ್ನಾದರೂ ಹಿಡಿದು ಬಡಿಯಬೇಕಲ್ಲ. ಬ್ಯಾಂಡ್ ಯಾರದು? ಬಿವಿನ್ಸರದು. ಕಾಲೇಜಿನ ಅಧ್ಯಕ್ಷರು ಕರೆದು, "ಇನ್ನೊಂದು ಪದ ನುಡಿಸಲು ಹೇಳಿದ್ದು ಯಾರು?" ಎಂದು ಕೇಳಿದರು. "ಬ್ಯಾಂಡ್ ನನ್ನದು. ಹೊಣೆ ನನ್ನದೇ," ಎಂದರಂತೆ ಪ್ರೊಫೆಸರ್. ಅಷ್ಟೇ. ಅಹಂಕಾರಿ, ಚಪ್ಪಾಳೆಯ ಹಸಿವಿಗೆ ಹುಡುಗರ ಆಟ ಹಾಳುಮಾಡಿದವನು ಎಂದು ಚರ್ಚಿನಲ್ಲಿ, ಕ್ಷೌರದಂಗಡಿಯಲ್ಲಿ, ಪತ್ರಿಕೆಯಲ್ಲಿ ಬಾಯಿಗೆ ಬಂದ ಹಾಗೆ ಆಡಿದೆವು. ಅವರ ಹೆಂಡತಿ ಆರ್ಲೀನ್ ಚರ್ಚಿನ ಗಾಯನದ ಸಾಲಿನಲ್ಲಿ ನಿಂತರೆ ಪಕ್ಕದವರು ಒಂದು ಹೆಜ್ಜೆ ಸರಿದು ನಿಲ್ಲುತ್ತಿದ್ದರು. ಮಾರ್ಚ್ ಹೊತ್ತಿಗೆ ಕಾಲೇಜು ಕೊಟ್ಟಿದ್ದ ಮನೆ ಬಿಟ್ಟು, ಆಕೆ ಹದಿನಾಲ್ಕು ವರ್ಷ ಬೆಳೆಸಿದ ಹಿತ್ತಲು ಬಿಟ್ಟು, ಮಗಳನ್ನು ಕರೆದುಕೊಂಡು ಅವರು ಪೆನ್ಸಕೋಲಾಕ್ಕೆ ಹೊರಟುಹೋದರು. ಅಲ್ಲಿ ಯಾವುದೋ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕೊಳಲು ಹೇಳಿಕೊಡುವ ಕೆಲಸ.

ಲೆಮ್ ಏನು ಮಾಡಿದ? ಏನೂ ಮಾಡಲಿಲ್ಲ. ಬ್ಯಾಂಡಿನವರೆಲ್ಲ ಪ್ರೊಫೆಸರ್ ಸನ್ನೆ ಮಾಡಿರಬೇಕು ಅಂದುಕೊಂಡಿದ್ದರು. ಇವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡ. ಪರೀಕ್ಷೆ ಮುಗಿಯಲಿ ಎಂದುಕೊಂಡ. ಅಷ್ಟರಲ್ಲಿ ಹೈಸ್ಕೂಲಿನ ಕೆಲಸಕ್ಕೆ ಅರ್ಜಿ ಹಾಕಿದಾಗ ಪೆನ್ಸಕೋಲಾದಿಂದ ಅವನ ಪರವಾಗಿ ಒಂದು ಪತ್ರ ಬಂತು. ಇವನು ಕೇಳಿರಲೂ ಇಲ್ಲ. 'ನನ್ನ ಅತ್ಯುತ್ತಮ ವಿದ್ಯಾರ್ಥಿ. ನಂಬಬಹುದಾದವನು' ಎಂದು ಪ್ರೊಫೆಸರ್ ಕೈಬರಹದಲ್ಲಿ ಬರೆದಿದ್ದರು. ಆ ಪತ್ರದಿಂದಲೇ ಕೆಲಸ ಸಿಕ್ಕಿತು. ಕೆಲಸ ಸಿಕ್ಕ ಮೇಲೆ ಬಾಯಿಗೆ ಬೀಗ ಬಿತ್ತು.

ಪ್ರತಿ ಕ್ರಿಸ್‌ಮಸ್ಸಿಗೂ ಒಂದು ಕಾರ್ಡು ಕಳಿಸುತ್ತಿದ್ದ. ಪ್ರತಿ ಜನವರಿಯಲ್ಲೂ ಆರ್ಲೀನ್ ಅವರ ಕೈಬರಹದಲ್ಲಿ ಉತ್ತರ ಬರುತ್ತಿತ್ತು, 'ನಮ್ಮನ್ನು ಮರೆಯದವನು ನೀನೊಬ್ಬನೇ, ಲೆಮ್.' ಮೂರು ವರ್ಷದ ಹಿಂದೆ ಬರಹ ಬದಲಾಯಿತು. ಅಮ್ಮ ಹೋದರು ಎಂದು ಮಗಳು ವರ್ನೀಸ್ ಬರೆದಿದ್ದಳು.

ಇದೇ ನವೆಂಬರಿನಲ್ಲಿ, ಮೂವತ್ತೆಂಟು ವರ್ಷದ ಮೇಲೆ, ಕ್ಲೇಬ್ಯಾಂಕಿಗೆ ಮತ್ತೆ ಜೂಬಿಲಿ ಬೌಲಿನ ಕರೆ ಬಂತು. ಊರು ಹುಚ್ಚೆದ್ದು ಕುಣಿಯಿತು. ಹಳೆಯ ವಿದ್ಯಾರ್ಥಿಗಳ ಬ್ಯಾಂಡನ್ನೂ ಮೈದಾನಕ್ಕೆ ಇಳಿಸುವುದು, ಅದನ್ನು ಲೆಮ್ ಮುನ್ನಡೆಸುವುದು ಎಂದು ನಿಶ್ಚಯ ಮಾಡಿದೆವು. ಅವನಿಗಿಂತ ತಕ್ಕವರು ಯಾರು? ಕ್ಷೌರದಂಗಡಿಯ ರೋಸ್ಕೋ ತನ್ನ ಕೈದುಡ್ಡಿನಿಂದಲೇ ಎಲ್ಲರಿಗೂ ನೇರಳೆ ಬಣ್ಣದ ಟೀ ಶರ್ಟು ಅಚ್ಚು ಹಾಕಿಸಿದ. ಎದೆಯ ಮೇಲೆ ದೊಡ್ಡ ಚಿನ್ನದ ಅಕ್ಷರ: 'ಈ ಸಲ ಬಿವಿನ್ಸ್ ಬೇಡ!'

ಮೊದಲನೆಯದನ್ನು ಲೆಮ್‌ಗೇ ಕೊಟ್ಟ. "ಹಾಕ್ಕೊಳ್ಳೋ ಮೇಜರ್, ಅಳತೆ ಸರಿ ಇದೆಯಾ ನೋಡೋಣ!"

ಅಂಗಡಿಯಲ್ಲಿದ್ದ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಲೆಮ್ ಅರ್ಧ ಕತ್ತರಿಸಿದ ಕೂದಲಲ್ಲೇ ಕುರ್ಚಿಯಿಂದ ಇಳಿದ. ಟೀ ಶರ್ಟನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದ. "ಇವನಿಗೇನಾಯ್ತೋ? ಹೊಟ್ಟೆ ಕೆಟ್ಟಿರಬೇಕು," ಎಂದ ರೋಸ್ಕೋ.

ಮನೆಯಲ್ಲಿ ಎರ್ನೆಸ್ಟೀನ್ ಅವರೆಕಾಳು ಆರಿಸುತ್ತಾ ಕೂತಿದ್ದಳು. ಗಂಡನ ತಲೆ ನೋಡಿ, "ಏನು ಲೆಮ್, ಕತ್ತರಿ ಕೆಟ್ಟುಹೋಯ್ತಾ?" ಎಂದು ನಗತೊಡಗಿದವಳು ಅವನ ಮುಖ ನೋಡಿ ನಿಲ್ಲಿಸಿದಳು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ಮೂವತ್ತಾರು ವರ್ಷ ಜೊತೆಗೆ ಬಾಳಿದವಳು ಮೊದಲ ಸಲ ಕೇಳುತ್ತಿದ್ದಳು.

"ಅಯ್ಯೋ ದೇವರೇ," ಎಂದಳು. "ನಾನು ಇದೇ ಬಾಯಲ್ಲಿ ಬಿವಿನ್ಸ್ ಮಾಡಬೇಡ, ಬಿವಿನ್ಸ್ ಮಾಡಬೇಡ ಅಂತ ನಿನ್ನನ್ನೇ ಬೈದಿದೀನಲ್ಲೋ! ಒಂದು ಸಲ ತಡೀಬೇಕು ಅನ್ನಿಸಲಿಲ್ವಾ ನಿನಗೆ?"

"ತಡೆದಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ."

"ಕೇಳ್ತಿದ್ದೆ! ಕೇಳೋಕೇ ಅಲ್ವೇನೋ ಹೆಂಡತಿ ಇರೋದು?" ಕಾಳಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. "ಆ ಮನುಷ್ಯ ಬದುಕಿದ್ದಾರಾ?"

"ಇದ್ದಾರೆ. ಎಂಬತ್ತಾರು."

"ಮತ್ತೆ ಇಲ್ಲಿ ಏನು ಮಾಡ್ತಾ ನಿಂತಿದ್ದೀಯ? ಕೂದಲು ಪೂರ್ತಿ ಕತ್ತರಿಸಿಕೋ. ನಾಳೆ ಬೆಳಗ್ಗೆ ಹೊರಡು. ಅವರ ಉಸಿರಿರೋವಾಗ ಅವರ ಹೆಸರು ಅವರಿಗೆ ಕೊಟ್ಟು ಬಾ."

ಪೆನ್ಸಕೋಲಾಕ್ಕೆ ಮೂರು ಗಂಟೆಯ ದಾರಿ. ದಾರಿಯುದ್ದಕ್ಕೂ ಲೆಮ್ ಹೇಳಬೇಕಾದ್ದನ್ನು ಜೋಡಿಸಿಕೊಂಡ. ಜೂಬಿಲಿ ಬೌಲಿನ ಮೈದಾನದಲ್ಲಿ, ಮೈಕಿನ ಮುಂದೆ, ಮೂವತ್ತು ಸಾವಿರ ಜನರ ಎದುರಿಗೆ ತಪ್ಪು ಒಪ್ಪಿಕೊಳ್ಳುತ್ತೇನೆ. ಪಕ್ಕದಲ್ಲಿ ಪ್ರೊಫೆಸರ್ ಕುರ್ಚಿಯಲ್ಲಿ ಕೂತಿರುತ್ತಾರೆ. ಜನ ಎದ್ದು ನಿಲ್ಲುತ್ತಾರೆ. ಇದನ್ನು ಯೋಚಿಸಿದಾಗ ಎಷ್ಟೋ ವರ್ಷದ ಮೇಲೆ ಎದೆ ಸ್ವಲ್ಪ ಹಗುರಾಯಿತಂತೆ. ಪಾಪ, ಆಗಲೂ ಅವನ ತಲೆಯಲ್ಲಿ ಇದ್ದದ್ದು ಮೈದಾನವೇ.

ಬಾಗಿಲು ತೆಗೆದವಳು ವರ್ನೀಸ್. ಶಾಲೆಯ ನರ್ಸು, ನಲವತ್ತೇಳರ ಹೆಂಗಸು, ಅಪ್ಪನ ಹಾಗೆ ಗಿಡ್ಡ, ಅಮ್ಮನ ಹಾಗೆ ಮಾತು. ಬ್ಯಾಂಡಿನ ಬಸ್ಸಿನಲ್ಲಿ ಇವನ ತೊಡೆಯ ಮೇಲೆ ಕೂತು ಗರಿಯ ಟೊಪ್ಪಿಗೆ ಹಾಕಿಕೊಳ್ಳುತ್ತಿದ್ದ ಹುಡುಗಿ.

"ಮಿಸ್ಟರ್ ಲೆಮ್! ಅಬ್ಬಾ, ಕಾರ್ಡು ನಡೆದುಕೊಂಡು ಬಂತಲ್ಲಪ್ಪ ಮನೆಗೆ!" ಎಂದು ಅಪ್ಪಿಕೊಂಡಳು. "ಒಳಗೆ ಬನ್ನಿ. ಊಟ ಮಾಡದೆ ಹೋಗೋ ಹಾಗಿಲ್ಲ, ಮೊದಲೇ ಹೇಳ್ತೀನಿ."

ಪ್ರೊಫೆಸರ್ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಮೊಣಕಾಲಿನ ಮೇಲೆ ಕಂಬಳಿ, ಕಿವಿಯಲ್ಲಿ ಯಂತ್ರ. ಕಣ್ಣು ಮಾತ್ರ ಹಳೆಯವೇ. "ನಡಿಗೆ ಕೇಳಿಯೇ ಗೊತ್ತಾಯ್ತು," ಎಂದರು. "ಎಡಗಾಲು ಈಗಲೂ ಒಂದು ಚೂರು ತಡ."

"ಅಪ್ಪಾ, ಮೊದಲು ಸೂಪ್ ಕುಡಿದು ಮುಗಿಸಿ," ಎಂದಳು ಮಗಳು.

"ಒಂದು ನಿಮಿಷ ತಾಳಮ್ಮ."

"ನೋಡಿದ್ರಾ, ಮಿಸ್ಟರ್ ಲೆಮ್? ಎಲ್ಲದಕ್ಕೂ ಒಂದು ನಿಮಿಷ!" ವರ್ನೀಸ್ ನಗುತ್ತಲೇ ಹೇಳಿದಳು, ಎಷ್ಟೋ ಸಲ ಆಡಿ ನುಣುಪಾದ ಮಾತು ಅದು. "ಇವರ ಒಂದು ನಿಮಿಷ ನಮಗೆ ಗೊತ್ತಿಲ್ವಾ! ಆ ಒಂದು ನಿಮಿಷಕ್ಕೆ ನಮ್ಮಮ್ಮ ಮನೆ ಕಳ್ಕೊಂಡ್ರು, ಹಿತ್ತಲು ಕಳ್ಕೊಂಡ್ರು, ಗೆಳತಿಯರನ್ನ ಕಳ್ಕೊಂಡ್ರು. ಚಪ್ಪಾಳೆ ಮಾತ್ರ ಇವರಿಗೆ ಸಿಕ್ತು." ಬಟ್ಟಲನ್ನು ಅಪ್ಪನ ಕೈಗೆ ಕೊಟ್ಟು, ಕಂಬಳಿ ಸರಿಮಾಡಿ, ಅಡುಗೆಮನೆಗೆ ಹೋದಳು.

ಪ್ರೊಫೆಸರ್ ಸೂಪಿನ ಬಟ್ಟಲು ನೋಡುತ್ತಾ ಕೂತಿದ್ದರು. ಲೆಮ್ ದಾರಿಯಲ್ಲಿ ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ.

"ಸರ್," ಎಂದ. "ಆ ದಿನ ನೀವು ಹ್ಯಾಟು ಎತ್ತಿದ್ರಿ. ನಾನು ನೋಡಿದೆ."

"ನೀನು ನೋಡಿದ್ದನ್ನ ನಾನೂ ನೋಡಿದೆ," ಎಂದರು ಪ್ರೊಫೆಸರ್. ಚಮಚೆ ಕೆಳಗಿಟ್ಟರು. "ಇದನ್ನ ಹೇಳೋಕೆ ಮೂವತ್ತೆಂಟು ವರ್ಷ ತಗೊಂಡೆಯಲ್ಲ, ಲೆಮ್. ಅದರ ಮುಂದೆ ಆ ಒಂದು ನಿಮಿಷ ಹತ್ತು ಸೆಕೆಂಡು ಏನು ಮಹಾ."

ಲೆಮ್ ಕುರ್ಚಿಯಿಂದ ಇಳಿದು ಅವರ ಕಾಲ ಹತ್ತಿರ ನೆಲದ ಮೇಲೆಯೇ ಕೂತ. ಅರವತ್ತರ ಗಂಡಸು ಅಳುವುದು ನೋಡುವುದಕ್ಕೆ ಚೆನ್ನಾಗಿರುವುದಿಲ್ಲ. ಪ್ರೊಫೆಸರ್ ಕಿಟಕಿಯ ಕಡೆ ತಿರುಗಿಕೊಂಡರು.

"ಆಟ ಮುಗಿಸಿ ಬಂದ ಸೋಮವಾರ ಆಫೀಸಿನ ಬಾಗಿಲು ತೆಗೆದಿಟ್ಟುಕೊಂಡು ಕೂತಿದ್ದೆ," ಎಂದರು. "ಮಂಗಳವಾರಾನೂ ಕೂತಿದ್ದೆ. ನೀನು ಬರ್ತೀಯ ಅಂತ. ಬಂದಿದ್ರೆ ನಾವಿಬ್ರೂ ಹೋಗಿ ಅಧ್ಯಕ್ಷರ ಮುಂದೆ ನಿಲ್ತಿದ್ವಿ. ಹುಡುಗನ ರಕ್ತ ಬಿಸಿ, ಮೇಷ್ಟರು ಹತೋಟಿಯಲ್ಲಿ ಇಟ್ಟುಕೊಳ್ಳಲಿಲ್ಲ ಅಂತ ಇಬ್ಬರಿಗೂ ಬೈದು ಬಿಡ್ತಿದ್ರು. ಅಷ್ಟರಲ್ಲೇ ಮುಗೀತಿತ್ತು. ಬುಧವಾರ ನಾನೊಬ್ಬನೇ ಹೋದೆ."

"ನೀವಾದ್ರೂ ಯಾಕೆ ಹೇಳಲಿಲ್ಲ, ಸರ್?"

"ನಿನ್ನ ಬಾಯಿಂದ ಬರಬೇಕಾದ್ದು ನನ್ನ ಬಾಯಿಂದ ಯಾಕೆ ಬರಬೇಕು? ಹಠ. ನನಗೂ ಹಠ ಇತ್ತು, ಇರಲಿಲ್ಲ ಅನ್ನಲ್ಲ."

"ಮನೆಯಲ್ಲಿ? ಮಿಸೆಸ್ ಬಿವಿನ್ಸ್ ಅವರಿಗೆ?"

ಪ್ರೊಫೆಸರ್ ಸಣ್ಣಗೆ ನಕ್ಕರು. "ಆರ್ಲೀನ್‌ಗಾ? ಅವಳಿಗೆ ಹೇಳಿದ್ರೆ ಭಾನುವಾರದೊಳಗೆ ಇಡೀ ಕೌಂಟಿಗೆ ಗೊತ್ತಾಗ್ತಿತ್ತು. ಆಮೇಲೆ ನಿನಗೆ ಯಾವ ಶಾಲೆಯವರು ಬ್ಯಾಂಡ್ ಕೊಡ್ತಿದ್ರು? ನೀನು ನೆಲೆ ನಿಲ್ಲಲಿ, ಆಮೇಲೆ ಹೇಳೋಣ ಅಂದುಕೊಂಡೆ. ನೀನು ನಿಂತೆ. ಅಷ್ಟರಲ್ಲಿ ಅವಳು ಬೇಜಾರು ಮಾಡಿಕೊಂಡು ಮಾಡಿಕೊಂಡು, ಆ ವಿಷಯ ಎತ್ತೋದನ್ನೇ ಬಿಟ್ಟಿದ್ದಳು. ಮುಂದಿನ ವರ್ಷ, ಮುಂದಿನ ವರ್ಷ ಅಂತ ನಾನೂ ದಬ್ಬಿದೆ. ಹೋಗಿಬಿಟ್ಟಳು." ಸೂಪಿನ ಬಟ್ಟಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ತನ್ನ ಗಂಡ ಚಪ್ಪಾಳೆಗಾಗಿ ತನ್ನ ಮನೆ ಮಾರಿದ ಅಂತ ನಂಬಿಕೊಂಡೇ ಹೋದಳು."

ಲೆಮ್ ಮೇಲೆದ್ದ. "ಸರ್, ಜೂಬಿಲಿ ಬೌಲಿಗೆ ಬನ್ನಿ. ನಾನೇ ಬಂದು ಕರೆದುಕೊಂಡು ಹೋಗ್ತೀನಿ. ಮೈಕು ಹಿಡಿದು ಎಲ್ಲರ ಮುಂದೆ ಹೇಳ್ತೀನಿ. ನಿಮ್ಮ ಹೆಸರು ಹಿಡಿದು ಆಡಿದ ಒಬ್ಬೊಬ್ಬರಿಗೂ ಕೇಳೋ ಹಾಗೆ ಹೇಳ್ತೀನಿ."

"ಅವರೆಲ್ಲ ನನಗೆ ಯಾರೋ!" ಎಂದರು ಪ್ರೊಫೆಸರ್. ಅವರ ದನಿ ಏರಿದ್ದನ್ನು ಲೆಮ್ ಕೇಳಿದ್ದು ಅದೇ ಮೊದಲು. "ಗಿಲ್ಯಾರ್ಡ್ ಇಲ್ಲ. ಅಧ್ಯಕ್ಷರು ಇಲ್ಲ. ಉಳಿದವರಿಗೆ ನಾನು ನಗೋಕೆ ಒಂದು ಮಾತು, ಅಷ್ಟೇ. ನೀನು ಹೇಳಿದ್ರೆ ನಿನ್ನ ಹೆಸರು ಹಾಕಿಕೊಂಡು ನಗ್ತಾರೆ. ಮೈದಾನ ಸಾಕು ಮಾಡು, ಲೆಮ್. ಹೇಳಲೇಬೇಕು ಅಂತಿದ್ರೆ ಒಳಗೆ ಅಡುಗೆ ಮಾಡ್ತಿದ್ದಾಳಲ್ಲ, ಅವಳಿಗೆ ಹೇಳು. ಅವಳಿಗಾಗ ಒಂಬತ್ತು ವರ್ಷ. ಅವಳಮ್ಮ ಹೇಳಿದ್ದನ್ನೇ ನಂಬಿದ್ದಾಳೆ. ನಾನು ಹೇಳಿದ್ರೆ ಅಮ್ಮ ಸತ್ತ ಮೇಲೆ ಮುದುಕ ಈಗ ನುಣುಚಿಕೊಳ್ತಾನೆ ಅಂದಾಳು."

ಮೂವತ್ತು ಸಾವಿರ ಜನರ ಮುಂದೆ ನಿಲ್ಲಲು ಸಿದ್ಧನಾಗಿ ಬಂದಿದ್ದವನಿಗೆ ಅಡುಗೆಮನೆಯವರೆಗಿನ ಹತ್ತು ಹೆಜ್ಜೆಯೇ ದೂರವಾಯಿತು. ಆದರೂ ಹೋದ.

ವರ್ನೀಸ್ ಜೋಳದ ರೊಟ್ಟಿಯನ್ನು ಒಲೆಯಿಂದ ತೆಗೆಯುತ್ತಿದ್ದಳು. "ಹಸಿವಾಯ್ತಾ? ಐದೇ ನಿಮಿಷ. ನಮ್ಮಪ್ಪನ ನಿಮಿಷ ಅಲ್ಲ, ನಿಜವಾದ ಐದು ನಿಮಿಷ!"

"ವರ್ನೀಸ್, ಕೂತ್ಕೊಳಮ್ಮ," ಎಂದ ಲೆಮ್. ಅವಳು ಕೂರಲಿಲ್ಲ. ನಿಂತಿದ್ದವಳಿಗೇ ಹೇಳಿದ. ಹ್ಯಾಟು ಎತ್ತಿದ್ದು, ತಾನು ನೋಡಿದ್ದು, ತಿರುಗಿಸಿದ್ದು, ಸುಮ್ಮನಿದ್ದದ್ದು. ಬಿಡಿಸಿ ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಎರಡು ನಿಮಿಷವೂ ಹಿಡಿಯಲಿಲ್ಲ.

ಅವಳು ಒಲೆ ಆರಿಸಿದಳು. ರೊಟ್ಟಿಯ ಬಾಣಲೆಯ ಮೇಲೆ ಬಟ್ಟೆ ಮುಚ್ಚಿದಳು.

"ಅಪ್ಪ ಹ್ಯಾಟು ಎತ್ತಿದ್ರಾ?" ಎಂದು ಕೇಳಿದಳು. "ಸರಿಯಾದ ಹೊತ್ತಿಗೆ ಎತ್ತಿದ್ರಾ?"

"ಸರಿಯಾದ ಹೊತ್ತಿಗೇ ಎತ್ತಿದ್ರು."

ತನ್ನನ್ನು ಬೈಯಲಿ ಎಂದು ಲೆಮ್ ಕಾಯುತ್ತಿದ್ದ. ಕೈ ಎತ್ತಿ ಹೊಡೆದಿದ್ದರೂ ಸರಿಯೇ ಎಂದುಕೊಂಡಿದ್ದ. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ.

"ಅಮ್ಮನ ಕೊನೆಯ ದಿನ ಆಸ್ಪತ್ರೆಯಲ್ಲಿ," ಎಂದಳು, "'ಒಂದು ನಿಮಿಷ ನಾನೊಬ್ಬನೇ ಅವಳ ಹತ್ತಿರ ಕೂರ್ತೀನಿ ವರ್ನೀಸ್, ಏನೋ ಹೇಳೋದಿದೆ' ಅಂದ್ರು ಅಪ್ಪ. ನಾನು, ನಿಮ್ಮ ಒಂದು ನಿಮಿಷ ಅಮ್ಮನಿಗೆ ಆಗಲೇ ಸಾಕಾಗಿದೆ ಅಂದೆ. ಹೊರಗೆ ಕೂತ್ಕೊಳ್ಳಿ ಅಂದೆ. ಅವರು ಒಂದು ಮಾತೂ ಆಡದೆ ಎದ್ದು ಹೋದ್ರು. ಹೊರಗಿನ ಬೆಂಚಿನಲ್ಲಿ ಹ್ಯಾಟು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ರು. ಅಮ್ಮ ಹೋದಾಗ ನಾನೊಬ್ಬಳೇ ಇದ್ದೆ."

ಲೆಮ್ ಅವಳ ಕಡೆಗೆ ಒಂದು ಕುರ್ಚಿ ಸರಿಸಿದ.

"ನಿಮ್ಮನ್ನ ಆಮೇಲೆ ಬೈತೀನಿ, ಮಿಸ್ಟರ್ ಲೆಮ್. ಜನ್ಮವಿಡೀ ಬೈಯೋಷ್ಟಿದೆ." ಅವಳ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. "ಈಗ ಇದೊಂದು ಹೇಳಿ. ಒಳಗೆ ಹೋಗಿ ಅವರಿಗೆ ನಾನು ಏನು ಹೇಳಲಿ? ನಿಮಗಾದ್ರೆ ಯೋಚನೆ ಮಾಡೋಕೆ ಮೂವತ್ತೆಂಟು ವರ್ಷ ಇತ್ತು. ಹೇಳಿಕೊಡಿ."

ಲೆಮ್ ಬಾಗಿಲಿನಿಂದ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.